ಮೂರನೇ ಮೆಟ್ಟಿಲು

ಕುಂಬಳೆಯಿಂದ ಮಂಗಳೂರಿಗೆ ಬೆಳಗಿನ ಗಾಡಿ ಹಿಡಿಯುವವರ ಚಾನೆಲಿನಲ್ಲಿ
ನಾವು ಇನ್ನೂರ ಹದಿನಾರು ಜನ, ಮತ್ತೊಂದು ಬಾಟ್.
ಅದಕ್ಕೆ ಕುಟ್ಟಿಚಾತ ಎಂದು ಹೆಸರಿಟ್ಟದ್ದು ಸಂಕಪ್ಪ ಆಳ್ವರು:
ಮಂತ್ರ ಗೊತ್ತಿದ್ದವನಿಗೆ ಊಳಿಗ ಮಾಡುತ್ತದೆ,
ಗೊತ್ತಿಲ್ಲದವನ ಹಂಚಿಗೆ ಕಲ್ಲು ಎಸೆಯುತ್ತದೆ, ಅಷ್ಟೇ ಅಲ್ಲವೋ ಎಂದು.

ಮಂತ್ರ ಬರೆದವಳು ಮಿಸ್ರಿಯಾ. ಪಾಲಿಟೆಕ್ನಿಕ್, ಎರಡನೇ ವರ್ಷ.
ಗಾಡಿಯೊಳಗೆ ನಿಂತುಕೊಂಡೇ, ಒಂದು ಕೈಯಲ್ಲಿ ಸರಳು ಹಿಡಿದು,
ನಮ್ಮನ್ನೆಲ್ಲ ಮೆಟ್ಟಿಲಿಗೆ ಹತ್ತಿಸಿದಳು.
ಒಂದರವರು ಓದಬಹುದು. ಎರಡರವರು
ಗಾಡಿ ಎಲ್ಲಿ ಎಂದು ಕೇಳಬಹುದು.
ನಾಲ್ಕು ಎಂದರೆ ಕುಟ್ಟಿಚಾತನಿಗೆ ಹೊಸ ಮಾತು ಕಲಿಸುವವರು,
ಸದ್ಯಕ್ಕೆ ಯಾರೂ ಇಲ್ಲ.
ಐದು ಅವಳೇ.

ನನಗೆ ಮೂರು ಕೊಟ್ಟಳು. ಪ್ರೆಸ್ಸಿನಲ್ಲಿ ಕರಡು ತಿದ್ದುವವನಲ್ಲವೇ,
ಅಳಿಸಿ ಅಭ್ಯಾಸವಿದೆ ಎಂದು.
ಅಳಿಸಬಹುದು. ಬಾಯಿ ಕಟ್ಟಬಹುದು. ಒಂದು ತಾಸು, ಒಂದು ದಿನ, ಎಷ್ಟಾದರೂ.

ಮಲಯಾಳದಲ್ಲಿ ಆಯಿತು, ಕನ್ನಡದಲ್ಲಿ ನೀವು ಮಾಡಿಕೊಡಿ ಮಾಷೇ ಎಂದಳು.
ಮೇಲಿನವರಿಗೆ ಮೊಕ್ತೇಸರ, ಕೆಳಗಿನವರಿಗೆ ಗುರಿಕಾರ ಎಂದು ಬರೆದೆ.
ಆಳ್ವರು ಟಿಫಿನ್ ಡಬ್ಬಿ ಮುಚ್ಚಿ ಎದ್ದೇಬಿಟ್ಟರು:
ಗುರಿಕಾರ ಎಂದರೆ ಹಾಗೆ ಹಂಚುವುದಾ? ಅದಕ್ಕೆ ನಾಲ್ಕು ಮನೆಯವರು ಸೇರಬೇಕು,
ವೀಳ್ಯ ಇಡಬೇಕು.
ಉಪ್ಪಳ ದಾಟುವಷ್ಟರಲ್ಲಿ ಹೆಸರುಗಳು ಹೋದವು,
ಅಂಕಿಗಳು ಉಳಿದವು.

ಉಳಿದದ್ದು ನನ್ನ ಒಂದು ವಾಕ್ಯ ಮಾತ್ರ.
ಮೊದಲು ಅನುಮತಿ ಎಂದಿತ್ತು. ಕಚೇರಿಯ ವಾಸನೆ ಎನಿಸಿತು, ಅಪ್ಪಣೆ ಎಂದು ತಿದ್ದಿದೆ.
'ಈ ಕೆಲಸಕ್ಕೆ ತಮಗೆ ಅಪ್ಪಣೆಯಿಲ್ಲ.'
ತಮಗೆ ಎಂದದ್ದಕ್ಕೆ
ಎರಡು ದಿನ ನನ್ನಷ್ಟಕ್ಕೆ ಹಿಗ್ಗಿದ್ದೆ.

ಸುಂದರಿಯಕ್ಕ ಒಂದನೇ ಮೆಟ್ಟಿಲು.
ನರ್ಸಿಂಗ್ ಹೋಮಿನ ಮೂರು ಮಾಳಿಗೆ ಒರೆಸುವವಳು.
ಬೆರಳಿಗೆ ಅಕ್ಷರ ಒಗ್ಗುವುದಿಲ್ಲ, ಮಾತು ಕಳಿಸುತ್ತಾಳೆ;
ಮಾತು ಕಳಿಸಲು ಎರಡು ಬೇಕು.
ಕಳಿಸಿದ್ದು ನಮಗೆ ತಲುಪುವುದಿಲ್ಲ ಎಂದು
ಅವಳಿಗೆ ಗೊತ್ತಿತ್ತೋ ಇಲ್ಲವೋ.

ಮಂಗಳವಾರ ಕುಟ್ಟಿಚಾತ ಹೇಳಿತು: ಸರಿಯಾದ ಸಮಯ, ಒಂದನೇ ಪ್ಲಾಟ್‌ಫಾರಂ.
ನಾವು ಒಂದರಲ್ಲಿ ಸಾಲಾಗಿ ನಿಂತೆವು.
ಗಾಡಿ ಎರಡಕ್ಕೆ ಬಂತು.
ಮೇಲ್ಸೇತುವೆಯ ಮೇಲೆ ಆಳ್ವರ ಚಪ್ಪಲಿ, ಟೀಚರುಗಳ ಚೀಲ,
ಯಾರದೋ ಬುತ್ತಿಯಿಂದ ಚೆಲ್ಲಿದ ಸಾರು.
ನಾನು ನಡುವಿನಲ್ಲಿದ್ದಾಗಲೇ ಕಾಲಡಿಯಿಂದ ಗಾಡಿ ಹೊರಟಿತು.

ಸಿಮೆಂಟು ಬೆಂಚಿನಲ್ಲಿ ಕುಳಿತು ಅಳಿಸಿದ್ದರ ಪಟ್ಟಿ ತೆರೆದೆ.
ಮೂರರವರಿಗೆ ಕಾಣುತ್ತದೆ ಅದು.
ಆರು ಹನ್ನೆರಡಕ್ಕೆ, ಹನ್ನೊಂದು ಸೆಕೆಂಡು:
'ಏ, ಇವತ್ತು ಎರಡಕ್ಕೆ ಬರುದಂತೆ. ಒಂದರ ಪಾಯಿಂಟು ಹಾಳಾಗಿದೆ,
ಗೇಟಿನವ ಹೇಳಿದ್ದು. ಎಲ್ಲ ಈಚೆ ಬನ್ನಿ, ಆಯ್ತಾ?'
ಆ ಆಯ್ತಾ ಎಂಬುದಕ್ಕೆ ಉತ್ತರವಾಗಿ, ಕೆಳಗೆ,
ನನ್ನ ವಾಕ್ಯ. ಪೂರ್ಣವಿರಾಮ ಸಮೇತ.

ಅವಳನ್ನು ಒಂದು ಮೆಟ್ಟಿಲು ಏರಿಸೋಣ ಎಂದು ಒತ್ತಿದೆ.
ತಮಗೆ ಅಪ್ಪಣೆಯಿಲ್ಲ, ಎಂದಿತು ಕುಟ್ಟಿಚಾತ.
ಮತ್ತೆ ಒತ್ತಿದೆ. ತಮಗೆ.
ಬಾಯಿ ಕಟ್ಟುವುದು ಮೂರಕ್ಕೇ ಸಿಗುತ್ತದೆ,
ಬಿಚ್ಚುವುದಕ್ಕೆ ಐದರ ತನಕ ಹೋಗಬೇಕು.
ಐದಕ್ಕೆ ಪರೀಕ್ಷೆ. ಆದಿತ್ಯವಾರ ನೋಡುವಾ ಮಾಷೇ.

ಬುಧವಾರ ಹೇಳಿದೆ, ತಪ್ಪಾಯಿತು ಸುಂದರಿಯಕ್ಕಾ,
ನಿನ್ನ ಮಾತು ನಮಗೆ ಸಿಕ್ಕಲಿಲ್ಲ.
ಬಕೆಟು ಮಾರಿದ ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು
ನಾಲ್ಕು ಮಡಿಕೆ ಮಡಿಚಿ ಸೊಂಟಕ್ಕೆ ಸಿಕ್ಕಿಸಿದಳು.

'ಮಾತು ಬಿಡಿ. ಆಚೆಯಿಂದ ಕೈ ಬೀಸಿದೆನಲ್ಲ,
ಎರಡೂ ಕೈ, ಕೊಡೆ ಹಿಡಿದುಕೊಂಡು ಬೀಸಿದೆ.
ಒಬ್ಬರಾದರೂ ತಲೆ ಎತ್ತಬೇಡವಾ?'